ಅಗಲ ಪರದೆಯಲ್ಲಿ ಹಳೆಯ ಆಟ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಬಯಲಾಟ ನೋಡದೆ ಬೆಳೆದವರು ವಿರಳ. ಮಂದಾರ್ತಿಯ ಆಟವನ್ನೋ ಮಾರಣಕಟ್ಟೆಯ ಆಟವನ್ನೋ ವಿಡಿಯೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡ ಮನೆಗಳೂ ಉಂಟು. ಅದರಲ್ಲಿ ಕುಣಿದವರು ಎಷ್ಟೋ ಮಂದಿ ಇಂದು ಇಲ್ಲ. ಆದುದರಿಂದ ಗೋಡೆಗೆ ತಗಲಿಸುವ ಚಪ್ಪಟೆ ಟೀವಿ ಮನೆಗೆ ಬಂದಾಗ, ‘ಇದರಲ್ಲಿ ನಮ್ಮ ಆಟ ಕಾಣುವುದೋ?’ ಎಂದು ಹಿರಿಯರು ಕೇಳುವುದು ಸಹಜವೇ.

ಕಾಣುವುದು, ಆದರೆ ಕಾಣಿಸುವ ರೀತಿ ತಿಳಿದಿರಬೇಕು. ಹಳೆಯ ಪೆಟ್ಟಿಗೆಯ ಪರದೆಯ ಅಗಲಕ್ಕೂ ಎತ್ತರಕ್ಕೂ 4:3ರ ಪ್ರಮಾಣ, ಹೊಸತರದ್ದು 16:9. ಹಳೆಯ ಚಿತ್ರವನ್ನು ಹಿಗ್ಗಿಸಿ ಪರದೆ ತುಂಬಿಸಿದರೆ ಅಗಲ ಮೂರರಲ್ಲೊಂದು ಪಾಲು ಹೆಚ್ಚಿ, ಅಭಿಮನ್ಯುವೇ ಭೀಮನಾಗುತ್ತಾನೆ. ‘ಜೂಮ್’ ಮಾಡಿದರೆ ಎತ್ತರದಲ್ಲಿ ಕಾಲುಭಾಗ ಕತ್ತರಿಸಿಹೋಗುತ್ತದೆ: ಮೇಲೆ ಕೇದಗೆಮುಂದಲೆಯ ತುದಿ, ಕೆಳಗೆ ಗೆಜ್ಜೆಗಾಲು. ಯಕ್ಷಗಾನದಲ್ಲಿ ಕಾಲನ್ನೇ ಕಳೆದ ಮೇಲೆ ನೋಡುವುದೇನು? ಸೆಟ್ಟಿಂಗಿನಲ್ಲಿ 4:3 ಆರಿಸಿ, ಇಕ್ಕೆಲದ ಕಪ್ಪು ಪಟ್ಟಿಗಳನ್ನು ಸಹಿಸುವುದೇ ಲೇಸು.

ಅಂಗಡಿಯವರು ಹೇಳುವ ಇಂಚು ಮೂಲೆಯಿಂದ ಮೂಲೆಗೆ ಅಳೆದುದು. 32 ಇಂಚಿನ ಅಗಲ ಪರದೆಯ ಎತ್ತರ 16 ಇಂಚಿಗೂ ತುಸು ಕಡಿಮೆ. ಹಳೆಯ 29 ಇಂಚಿನ ಪೆಟ್ಟಿಗೆಯೇ ಇದಕ್ಕಿಂತ ಎತ್ತರ! ಹಳೆಯ ಆಟ ಕುಗ್ಗದೆ ಕಾಣಬೇಕಾದರೆ 21 ಇಂಚು ಎತ್ತರ ದೊರೆಯುವ 43 ಇಂಚಿನದನ್ನೇ ನೋಡಬೇಕು.

ಇನ್ನು ಜೋಡಣೆ. ಎಚ್‌ಡಿಎಂಐ ತಂತಿ ಒಂದೇ ಚಿತ್ರವನ್ನೂ ಧ್ವನಿಯನ್ನೂ ಒಯ್ಯುತ್ತದೆ. ಸೆಟ್‌ಟಾಪ್ ಬಾಕ್ಸಿಗೆ ಅದು ಸಾಕು. ಹಳೆಯ ವಿಸಿಆರ್‌ಗೆ ಇರುವುದು ಹಳದಿ, ಬಿಳಿ, ಕೆಂಪು ತಂತಿಗಳು: ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಹೊಸ ಟೀವಿಗಳಲ್ಲಿ ಅನೇಕಕ್ಕೆ ಈ ತೂತುಗಳೇ ಇಲ್ಲ. ಕೆಲವಕ್ಕೆ ಒಂದೇ ಸಣ್ಣ ತೂತು, ಅದಕ್ಕೊಂದು ಕೂಡುತಂತಿ. ಅದೂ ಇಲ್ಲದಿದ್ದರೆ ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ಪೆಟ್ಟಿಗೆ ಕೊಳ್ಳಬೇಕು. ಕೊಳ್ಳುವ ಮುನ್ನ ಟೀವಿಯ ಬೆನ್ನನ್ನು ತಿರುಗಿಸಿ ನೋಡಿರಿ. ಮುಖ ನೋಡಿ ಮರುಳಾಗಬೇಡಿರಿ.

ತೆಳುಮೈಯ ಟೀವಿಗೆ ದನಿಯೂ ತೆಳುವೇ. ಚಂಡೆಯ ಪೆಟ್ಟು, ಭಾಗವತರ ಏರುಸ್ವರ ಅದರಲ್ಲಿ ಸೊರಗುತ್ತವೆ. ಪರದೆಗೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಹೊರಗಿನ ಸ್ಪೀಕರಿಗೆ ಉಳಿಸುವುದು ಜಾಣತನ. ಅದನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸುವುದಾದರೆ ‘ಎಆರ್‌ಸಿ’ ಎಂದು ಗುರುತಿಸಿದ ತೂತಿಗೇ ಹಾಕಬೇಕು. ಎಚ್‌ಡಿಎಂಐ ತೂತುಗಳಲ್ಲಿ ಟೀವಿಯಿಂದ ಧ್ವನಿ ಹಿಂದಿರುಗುವ ದಾರಿ ಅದೇ.

4ಕೆ ಪರದೆ ಕ್ಯಾಸೆಟ್ಟಿನಲ್ಲಿ ಇಲ್ಲದ ವಿವರವನ್ನು ಹುಟ್ಟಿಸಲಾರದು. ಅದಕ್ಕಿಂತ ಅವಸರದ ಕೆಲಸ ಬೇರೆಯೇ ಇದೆ. ಕರಾವಳಿಯ ತೇವಕ್ಕೆ ಕ್ಯಾಸೆಟ್ಟಿನ ಸುರುಳಿ ಬೂಸಲು ಹಿಡಿಯುತ್ತದೆ. ಅಂಥದನ್ನು ಹಾಗೆಯೇ ಓಡಿಸಿದರೆ ಸುರುಳಿಯೂ ವಿಸಿಆರ್‌ನ ತಲೆಯೂ ಕೆಡುತ್ತವೆ. ಮೊದಲು ಬಲ್ಲವರಿಂದ ಶುಚಿ ಮಾಡಿಸಿ, ಕಂಪ್ಯೂಟರಿಗೆ ಇಳಿಸಿ, ಎರಡು ಪ್ರತಿ ತೆಗೆದಿಡಿರಿ. ಟೀವಿಯನ್ನು ಬರುವ ದೀಪಾವಳಿಗೆ ಕೊಂಡರೂ ಆದೀತು.