ದೂಧಸಾಗರ: ರೈಲು ಹತ್ತುವ ಕಣಿವೆ

ವಾಸ್ಕೋದ ನಮ್ಮ ಮಕ್ಕಳಿಗೆ ದೂಧಸಾಗರ ಹೊಸದೇನಲ್ಲ. ರಜೆಗೆ ಗದಗ, ಕೊಪ್ಪಳದ ಕಡೆ ಊರಿಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಕ್ಷಣ ಹೊತ್ತು ಕಂಡು ಮಾಯವಾಗುತ್ತದೆ. ಈ ಸಲ ಮಳೆಗಾಲ ಮುಗಿದ ಮೇಲೆ ಕುಳೆಮ್‌ನಲ್ಲಿ ಇಳಿದು, ಜೀಪಿನಲ್ಲಿ ಕಾಡುದಾರಿ ಹಿಡಿದು, ಹಳ್ಳಗಳನ್ನು ದಾಟಿ, ಅದನ್ನು ಕೆಳಗಿನಿಂದ ನೋಡಿದೆವು. ಮೊಲೆಮ್ ರಾಷ್ಟ್ರೀಯ ಉದ್ಯಾನ ಮತ್ತು ಭಗವಾನ್ ಮಹಾವೀರ ಅಭಯಾರಣ್ಯದ ಕಾಡು ಇದು. ಕುತ್ತಿಗೆ ನೋಯುವಷ್ಟು ತಲೆ ಎತ್ತಬೇಕು! ಹಂತಹಂತವಾಗಿ ಇಳಿಯುವ ಈ ಜಲಪಾತದ ಒಟ್ಟು ಎತ್ತರ 310 ಮೀಟರ್. ನಮ್ಮ ಜೋಗ 253 ಮೀಟರ್.

ಆರನೇ ತರಗತಿಯ ಹುಡುಗಿಯೊಬ್ಬಳು ಬೊಗಸೆಯಲ್ಲಿ ನೀರು ಹಿಡಿದು ಕೇಳಿದಳು: “ಸರ್, ಕೈಯಾಗ ಬಣ್ಣಾನ ಇಲ್ಲ. ಮತ್ತ ಮ್ಯಾಲೆ ಹಾಲಿನಂಗ ಯಾಕ ಕಾಣತೈತಿ?”

ಒಳ್ಳೆಯ ಪ್ರಶ್ನೆ. ಬಂಡೆಗೆ ಬಡಿದ ನೀರು ಲಕ್ಷಾಂತರ ಹನಿಗಳಾಗಿ ಒಡೆಯುತ್ತದೆ, ಗಾಳಿ ಸೇರಿ ಗುಳ್ಳೆಯಾಗುತ್ತದೆ. ಒಂದೊಂದು ಹನಿ, ಒಂದೊಂದು ಗುಳ್ಳೆಯೂ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತದೆ. ಎಲ್ಲ ಬಣ್ಣಗಳೂ ಒಂದೇ ಸಮ ಚದುರಿ ಕಣ್ಣಿಗೆ ಬಂದರೆ ನಮಗೆ ಕಾಣುವುದು ಬಿಳಿ. ಸೋಪಿನ ನೊರೆ ಯಾವ ಬಣ್ಣದ ಸೋಪಿನದಾದರೂ ಬೆಳ್ಳಗೇ ಇರುತ್ತದಲ್ಲ, ಅದೇ ಕಾರಣ.

ಇಲ್ಲಿಯ ಬಂಡೆ ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ಕಣಿವೆ ಮಾತ್ರ ಅಷ್ಟು ಹಳೆಯದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಮೇಲೆ ಪಶ್ಚಿಮದ ಅಂಚು ಕಡಿದಾಯಿತು. ಕಡಿದಾದ ಇಳಿಜಾರಿನಲ್ಲಿ ಓಡುವ ನೀರಿಗೆ ಬಲ ಹೆಚ್ಚು. ಅದು ಬಂಡೆಯ ಬಿರುಕುಗಳನ್ನು ಕೊರೆಯುತ್ತ ಹಿಂದೆ ಹಿಂದೆ ಸರಿಯುತ್ತದೆ. ಈ ನೀರು ಮುಂದೆ ಖಾಂಡೇಪಾರ ನದಿಯಾಗಿ ಮಾಂಡೋವಿಗೆ, ಅಂದರೆ ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹಾದಾಯಿಗೆ, ಸೇರುತ್ತದೆ.

ಜಲಪಾತದ ನಡುವೆ ಸೇತುವೆ, ಸೇತುವೆ ಮೇಲೆ ರೈಲು! 1878ರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರು ಒಪ್ಪಂದ ಮಾಡಿಕೊಂಡರು. ಮುರ್ಮುಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗಿನ ಮೀಟರ್‌ಗೇಜ್ ಹಳಿ 1888ರಲ್ಲಿ ತೆರೆಯಿತು. 1961ರವರೆಗೂ ಇದು ಎರಡು ದೇಶಗಳ ನಡುವಿನ ದಾರಿ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಘಟ್ಟದ ಏರು 37ಕ್ಕೆ 1: 37 ಮೀಟರ್ ಹೋದರೆ 1 ಮೀಟರ್ ಮೇಲೆ. ಕಡಿಮೆ ಅನಿಸುತ್ತದೆ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಅದಕ್ಕೇ ಹಿಂದಿನಿಂದ ತಳ್ಳಲು ಬೇರೆ ಇಂಜಿನ್‌ಗಳು ಬೇಕು. (ಹಳಿ ಮೇಲೆ ನಡೆದು ಬರುವುದು ನಿಷಿದ್ಧ. 2023ರ ಜುಲೈನಲ್ಲಿ ಹಾಗೆ ಬಂದವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದರು.)

ಈ ಒಂಟಿ ಹಳಿಯನ್ನು ಜೋಡಿ ಮಾಡುವ ಯೋಜನೆಯ ಬಗ್ಗೆ ದೊಡ್ಡ ವಾದವಿದೆ. ಬಂದರಿನ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಇದೇ ದಾರಿಯಲ್ಲಿ ಹೋಗುತ್ತದೆ. ಜೋಡಿ ಹಳಿಗೆ ಕಾಡು ಕಡಿಯಬೇಕು, ಗುಡ್ಡ ಕೊರೆಯಬೇಕು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ವನ್ಯಜೀವಿ ಮಂಡಳಿ ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡಿತು; ಪರಿಣಾಮಗಳನ್ನು ಸರಿಯಾಗಿ ಅಧ್ಯಯನ ಮಾಡಿ ಮತ್ತೆ ಕೇಳಲು ರೈಲ್ವೆಗೆ ಅವಕಾಶವನ್ನೂ ಇಟ್ಟಿತು. ಕಾಡಿನ ಪರ ಎಂದು ಹೇಳುವುದು ನನಗೆ ಸುಲಭ. ಆದರೆ ನನ್ನ ತರಗತಿಯಲ್ಲೇ ಕೆಲವರ ಅಪ್ಪಂದಿರು ಬಂದರಿನಲ್ಲಿ ದುಡಿಯುತ್ತಾರೆ. ಜೀಪಿನಲ್ಲಿ ವಾಪಸ್ ಬರುವಾಗ ಮಕ್ಕಳು ಇದೇ ವಿಷಯಕ್ಕೆ ಜಗಳಾಡಿದರು. ಕುಳೆಮ್ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯೊಂದು ಬಂದಾಗ ಜಗಳ ಬಿಟ್ಟು, ಹಿಂದೆ ಎಷ್ಟು ಇಂಜಿನ್ ಅಂತ ಎಣಿಸಲು ಓಡಿದರು.