ಕೂಸಿನ ಪರವಾಗಿ ಉತ್ತರ ಕೊಡುವ ಸ್ನಾಯು

ಕಿವುಡಾಗಿ ಹುಟ್ಟಿದ ಮಕ್ಕಳ ಒಳಗಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವನ್ನಿರಿಸಿ ಶ್ರವಣವನ್ನುಂಟುಮಾಡುವ ಕ್ರಮವು ನಮ್ಮ ನಾಡಿನಲ್ಲಿಯೂ ಬಳಕೆಗೆ ಬಂದಿರುವುದು ವಾಚಕರಿಗೆ ವಿದಿತವೇ ಆಗಿದೆ. ಶಸ್ತ್ರಚಿಕಿತ್ಸೆಯಾದೊಡನೆ ಕೂಸು ಕೇಳತೊಡಗುವುದೆಂದು ಅನೇಕ ತಾಯ್ತಂದೆಗಳು ಭಾವಿಸುವುದುಂಟು. ಆದರೆ ಗಾಯವು ಮಾಯ್ದ ಮೇಲೆ ಸಾಧನವನ್ನು ಆ ಕೂಸಿಗೆ ತಕ್ಕಂತೆ ಹೊಂದಿಸುವ ಕಾರ್ಯವು ಉಳಿದಿರುತ್ತದೆ. ಅದನ್ನೇ ಇಲ್ಲಿ ವಿವರಿಸಲು ಬಯಸುತ್ತೇವೆ.

1978ರಲ್ಲಿ ಮೆಲ್ಬರ್ನ್ ನಗರದಲ್ಲಿ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರು ಅನೇಕ ವಿದ್ಯುದಗ್ರಗಳುಳ್ಳ ಇಂತಹ ಸಾಧನವನ್ನು ಒಬ್ಬ ವಯಸ್ಕನಿಗೆ ಅಳವಡಿಸಿದರು. ಈಗಿನ ಕೆಲವು ಸಾಧನಗಳಲ್ಲಿ 22 ವಿದ್ಯುದಗ್ರಗಳುಂಟು. ಪ್ರತಿಯೊಂದಕ್ಕೂ ಎಷ್ಟು ವಿದ್ಯುತ್ತನ್ನು ಕೊಡಬೇಕೆಂಬುದನ್ನು ನಿರ್ಣಯಿಸಬೇಕು. ಕಡಿಮೆಯಾದರೆ ಮಾತು ಸ್ಪಷ್ಟವಾಗಿ ಕೇಳಿಸದೆ, ನುಡಿಯನ್ನು ಕಲಿಯತಕ್ಕ ಅಮೂಲ್ಯವಾದ ವರ್ಷಗಳು ವ್ಯರ್ಥವಾಗುವುವು. ಹೆಚ್ಚಾದರೆ ಕೂಸು ಬೆದರಿ ಸಾಧನವನ್ನೇ ಕಿತ್ತೆಸೆಯಬಹುದು. ದೊಡ್ಡವರಾದರೆ “ಸಾಕು” ಎನ್ನುತ್ತಾರೆ. ಮಾತನ್ನೇ ಅರಿಯದ ಕೂಸು ಏನೆಂದೀತು?

ಇಲ್ಲಿ ದೇಹವೇ ಉತ್ತರ ಕೊಡುತ್ತದೆ. ನಡುಗಿವಿಯಲ್ಲಿ ಕುದುರೆಯ ರಿಕಾಪಿನ ಆಕಾರದ ಒಂದು ಎಲುಬುಂಟು. ದೇಹದ ಎಲುಬುಗಳಲ್ಲೆಲ್ಲ ಅದೇ ಅತಿ ಚಿಕ್ಕದು. ಗಟ್ಟಿಯಾದ ಶಬ್ದವು ಕೇಳಿಸಿದಾಗ ಅದಕ್ಕಂಟಿದ ಪುಟ್ಟ ಸ್ನಾಯುವು ನಮ್ಮ ಇಚ್ಛೆಯನ್ನು ಕಾಯದೆ ಬಿಗಿಯುತ್ತದೆ. ಒಂದು ಕಿವಿಗೆ ಶಬ್ದವು ತಾಗಿದರೂ ಎರಡು ಕಿವಿಗಳಲ್ಲಿಯೂ ಈ ಬಿಗಿತವುಂಟಾಗುತ್ತದೆ. ಆದುದರಿಂದ ಶ್ರವಣತಜ್ಞರು ಸಾಮಾನ್ಯವಾಗಿ ಇನ್ನೊಂದು ಕಿವಿಯಲ್ಲಿ ಮೆತ್ತನೆಯ ಬಿರಡೆಯನ್ನಿಟ್ಟು, ಅದರಿಂದ ಸಣ್ಣ ನಾದವನ್ನು ಕಳುಹಿಸುತ್ತಾರೆ. ಬಳಿಕ ಒಂದೊಂದೇ ವಿದ್ಯುದಗ್ರದಲ್ಲಿ ವಿದ್ಯುತ್ತನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ. ಸ್ನಾಯುವು ಬಿಗಿದಾಗ ಕಿವಿಯ ತಮಟೆಯಿಂದ ಹಿಂದಿರುಗುವ ನಾದವು ವ್ಯತ್ಯಾಸಹೊಂದುವುದನ್ನು ಯಂತ್ರವು ತೋರಿಸುತ್ತದೆ. ಆ ಬಿಗಿತವು ಮೊದಲು ಕಾಣಿಸಿದ ಅಳತೆಯು ಹಿತವಾಗಿ ಕೇಳಬಹುದಾದ ಮೇಲಿನ ಮಿತಿಗೆ ಬಹುಮಟ್ಟಿಗೆ ಸಮೀಪವಾಗಿರುತ್ತದೆ. ತಜ್ಞರು ಅದನ್ನು ಆಧಾರವಾಗಿಟ್ಟುಕೊಂಡು, ಅಲ್ಲಿಯೇ ಇಲ್ಲವೆ ತುಸು ಕೆಳಗೆ ಮಿತಿಯನ್ನು ಗೊತ್ತುಮಾಡುತ್ತಾರೆ.

ಈ ಪರೀಕ್ಷೆಯಲ್ಲಿ ನೋವಿಲ್ಲ. ಆದರೆ ಕೂಸು ಅಲುಗಾಡದೆ, ಅಳದೆ ಇರಬೇಕು. ನೆಗಡಿಯಿಂದ ನಡುಗಿವಿಯಲ್ಲಿ ನೀರು ತುಂಬಿದ್ದರೆ ಬಿಗಿತವು ಕಾಣಿಸದು. ಕೆಲವು ಮಕ್ಕಳಲ್ಲಿ ಕಿವಿಯು ಆರೋಗ್ಯವಾಗಿದ್ದರೂ ಅದು ದೊರೆಯುವುದಿಲ್ಲ. ಅಷ್ಟಕ್ಕೇ ಸಾಧನವು ನಿಷ್ಫಲವಾಯಿತೆಂದು ಯಾರೂ ಎದೆಗುಂದಬಾರದು. ಶ್ರವಣನರದ ಸ್ಪಂದನವನ್ನು ಅಳೆದು, ಕೂಸಿನ ನಡತೆಯನ್ನು ಗಮನಿಸಿ ಹೊಂದಿಸುವ ಮಾರ್ಗಗಳೂ ಉಂಟು.

ಸ್ನಾಯುವು ತಿಳಿಸುವುದು ಮೇಲಿನ ಮಿತಿಯನ್ನು ಮಾತ್ರ. ಯಾವ ಶಬ್ದಕ್ಕೆ ಕೂಸು ತಿರುಗಿ ನೋಡಿತು, ಯಾವುದಕ್ಕೆ ಕಣ್ಣು ಮುಚ್ಚಿ ಬೆಚ್ಚಿತು ಎಂಬುದನ್ನು ಮನೆಯಲ್ಲಿ ಕಂಡವರೇ ಹೇಳಬೇಕು. ಆದಕಾರಣ ಅಂತಹ ಮಕ್ಕಳುಳ್ಳ ತಾಯಂದಿರು ಇವನ್ನು ದಿನದಿನವೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಪ್ರತಿ ಭೇಟಿಯಲ್ಲಿಯೂ ತಜ್ಞರಿಗೆ ತೋರಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ.