ದಸ್ತಗಿರಿ ವಾರಂಟ್ ಬಂದಾಗ

ಕೊನೆಗಾರ ಸಿಕ್ಕಿದ ದಿನವೇ ಕೋರ್ಟಿನ ವಾಯಿದೆ ಬಿದ್ದರೆ ನಮ್ಮವರು ತೋಟಕ್ಕೇ ಹೋಗುತ್ತಾರೆ, ಕೋರ್ಟಿಗಲ್ಲ. ಹೀಗೆ ತಪ್ಪಿದ ಎರಡು ಮೂರು ವಾಯಿದೆಗಳೇ ಮುಂದೊಂದು ದಿನ ಪೊಲೀಸರನ್ನು ಗೇಟಿನ ಬಳಿ ತಂದು ನಿಲ್ಲಿಸುತ್ತವೆ. ವಾಪಸಾದ ಚೆಕ್ಕು, ಬೇಲಿಯ ಜಗಳ, ಕಂಡ ಅಪಘಾತಕ್ಕೆ ಹೇಳಬೇಕಾದ ಸಾಕ್ಷಿ, ಬಹುಪಾಲು ವಾರಂಟುಗಳ ಮೂಲ ಇಷ್ಟೇ. ಸಮನ್ಸ್ ಪಡೆದೂ ಹಾಜರಾಗದ ಸಾಕ್ಷಿದಾರನ ಮೇಲೂ ವಾರಂಟ್ ಹೊರಡುತ್ತದೆಂಬುದು ಅನೇಕ ಸದಸ್ಯರಿಗೆ ತಿಳಿಯದು.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ವಾರಂಟಿನ ಮಟ್ಟಿಗೆ ಬದಲಾದದ್ದು ಹೆಚ್ಚಾಗಿ ಕಲಂ ಸಂಖ್ಯೆಗಳು. 72ನೇ ಕಲಮಿನಂತೆ ವಾರಂಟ್ ಲಿಖಿತವಾಗಿರಬೇಕು, ನ್ಯಾಯಾಧೀಶರ ಸಹಿ ಮತ್ತು ನ್ಯಾಯಾಲಯದ ಮೊಹರು ಇರಬೇಕು. ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸುವವರೆಗೆ ಅಥವಾ ಜಾರಿಯಾಗುವವರೆಗೆ ಅದಕ್ಕೆ ಜೀವವಿರುತ್ತದೆ. ಹಳೆಯದಾಯಿತು, ಮರೆತಿರುತ್ತಾರೆ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ.

ಜಾಮೀನು ಸಹಿತ ವಾರಂಟಿನಲ್ಲಿ ಎಷ್ಟು ಮಂದಿ ಜಾಮೀನುದಾರರು, ಎಷ್ಟು ಮೊತ್ತ, ಯಾವ ದಿನ ಹಾಜರಾಗಬೇಕು ಎಂಬ ಹಿಂಬರಹವಿರುತ್ತದೆ. ಅದರಂತೆ ಮುಚ್ಚಳಿಕೆ ಬರೆದುಕೊಟ್ಟರೆ ಬಂದ ಅಧಿಕಾರಿಯೇ ಬಿಡಬೇಕು. ಜಾಮೀನುರಹಿತ ವಾರಂಟ್ ಎಂದರೆ ಎಂದೂ ಜಾಮೀನು ಇಲ್ಲವೆಂದಲ್ಲ. ಪೊಲೀಸರು ಬಿಡುವಂತಿಲ್ಲ, ನ್ಯಾಯಾಲಯ ಬಿಡಬಹುದು. ಮೊದಲು ಸಮನ್ಸ್, ಬಳಿಕ ಜಾಮೀನು ಸಹಿತ ವಾರಂಟ್, ಕಡೆಗೆ ಜಾಮೀನುರಹಿತ ಎಂಬ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2007ರ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಒತ್ತಿ ಹೇಳಿದೆ.

ಪೊಲೀಸರು ಬಂದಾಗ ಕಾಫಿ ಗಿಡಗಳ ನಡುವೆ ಓಡಬೇಡಿ. ವಾರಂಟ್ ತೋರಿಸಿ ಎಂದು ಕೇಳಿ. ಕೇಳಿದರೆ ತೋರಿಸಬೇಕೆಂದು 77ನೇ ಕಲಂ ಹೇಳುತ್ತದೆ. ಯಾವ ನ್ಯಾಯಾಲಯ, ಕೇಸಿನ ನಂಬರು, ಹೆಸರು, ತಂದೆಯ ಹೆಸರು, ಊರು ಇವನ್ನು ಬರೆದುಕೊಳ್ಳಿ. ಒಂದೇ ಹೆಸರಿನವರು ಊರಿಗೆ ನಾಲ್ವರಿರುವ ನಮ್ಮ ಕಡೆ ತಂದೆಯ ಹೆಸರು ನೋಡುವುದು ಬಹಳ ಮುಖ್ಯ. ದಸ್ತಗಿರಿಯಾದರೆ ಮನೆಯವರಿಗೆ ತಿಳಿಸಬೇಕು. ಪ್ರಯಾಣದ ಕಾಲ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಶೇಷ ಸಂದರ್ಭ ಹೊರತು ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ದಸ್ತಗಿರಿ ಮಾಡುವಂತಿಲ್ಲ.

ನಮ್ಮ ಆಳುಗಳ ವಿಷಯವೂ ಇದೆ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನವನೊಬ್ಬ ಕೊಯ್ಲಿಗೆ ಮೂಡಿಗೆರೆಗೆ ಬಂದಿದ್ದಾನೆ, ಅಲ್ಲಿಯ ಕೋರ್ಟಿನಲ್ಲಿ ಅವನ ವಾಯಿದೆ ತಪ್ಪಿದೆ ಎಂದುಕೊಳ್ಳಿ. ವಾರಂಟ್ ಭಾರತದ ಯಾವ ಮೂಲೆಯಲ್ಲೂ ಜಾರಿಯಾಗುತ್ತದೆ. ಆದರೆ ಹೊರಜಿಲ್ಲೆಯಲ್ಲಿ, ಹೊರಡಿಸಿದ ನ್ಯಾಯಾಲಯ 30 ಕಿಲೋಮೀಟರಿಗಿಂತ ದೂರವಿದ್ದಾಗ, ಸಾಮಾನ್ಯವಾಗಿ ಮೊದಲು ಇಲ್ಲಿಯ ಮ್ಯಾಜಿಸ್ಟ್ರೇಟರ ಅಥವಾ ಜಿಲ್ಲಾ ಪೊಲೀಸ್ ಅಧಿಕಾರಿಯ ಮುಂದೆ ಕರೆದೊಯ್ಯಬೇಕು. ಹಿಂಬರಹದಂತೆ ಜಾಮೀನು ಕೊಡಲು ಸಿದ್ಧನಿದ್ದರೆ ಅಲ್ಲೇ ಬಿಡುಗಡೆ. ಇದು ತಿಳಿಯದೆ ಅವನು ರಾತ್ರೋರಾತ್ರಿ ರಾಯಚೂರು ಜಿಲ್ಲೆಯವರೆಗೆ ಹೋಗಬೇಕಾಗಿ ಬಂದರೆ ಅವನ ಕೂಲಿಯೂ ಹೋಯಿತು, ನಿಮ್ಮ ಕೊಯ್ಲೂ ನಿಂತಿತು.

ವಾರಂಟ್ ಹೊರಟಿರುವುದು ಮೊದಲೇ ತಿಳಿದರೆ ಠಾಣೆಗೆ ಅಲೆದು ಫಲವಿಲ್ಲ, ರದ್ದು ಮಾಡುವ ಅಧಿಕಾರ ಅವರಿಗಿಲ್ಲ. ವಕೀಲರ ಮೂಲಕ ಅದೇ ನ್ಯಾಯಾಲಯದಲ್ಲಿ ಹಾಜರಾಗಿ, ತಪ್ಪಿದ ಕಾರಣ ತಿಳಿಸಿ ರೀಕಾಲ್ ಅರ್ಜಿ ಕೊಡಿ. ವೈದ್ಯರ ಚೀಟಿ, ಬಸ್ ಟಿಕೆಟ್ ಏನಿದ್ದರೂ ಜೊತೆಗಿರಲಿ. ರದ್ದಾದ ಆದೇಶದ ದೃಢೀಕೃತ ನಕಲು ಪಡೆದು ಜೇಬಿನಲ್ಲಿಡಿ. ರದ್ದಾದ ವಾರಂಟಿನ ಮೇಲೆಯೇ ಮುಂಬೈಯ ವಕೀಲರೊಬ್ಬರ ದಸ್ತಗಿರಿಯಾಗಿ, ಆ ವಿವಾದ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ವಕೀಲರಿಟ್ಟುಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ದೂರವಾಣಿ 15100.

ಸಾಲದ ಡಿಕ್ರಿಯ ವಾರಂಟ್ ಬೇರೆ ಬಗೆಯದು, ಸಿವಿಲ್ ಸಂಹಿತೆಯದು. ಸೆರೆಗೆ ಕಳುಹಿಸುವ ಮುನ್ನ ಕಾರಣ ಹೇಳಲು ಅವಕಾಶ ಕೊಡಬೇಕು. ಹಣದ ಡಿಕ್ರಿಗೆ ಹೆಂಗಸರನ್ನು ಹಿಡಿಯುವಂತೆಯೇ ಇಲ್ಲ. ಕೊಡಲು ಇದ್ದೂ ಕೊಡದವನು ಬೇರೆ, ಇಲ್ಲದೆ ಕೊಡದವನು ಬೇರೆ ಎಂದು 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು ಸ್ಪಷ್ಟಪಡಿಸಿದೆ. ಕೊಳೆರೋಗದಿಂದ ಫಸಲು ಕಳೆದುಕೊಂಡವರು ಆದಾಯದ ಲೆಕ್ಕ, ಮಾರಾಟದ ಪಟ್ಟಿಗಳನ್ನು ಜೋಪಾನವಾಗಿಟ್ಟಿರಬೇಕು.

ಇತ್ತೀಚೆಗೆ ಮೊಬೈಲಿನಲ್ಲಿ ವಾರಂಟಿನ ಚಿತ್ರ ತೋರಿಸಿ, "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ ಹಣ ಕೀಳುವವರಿದ್ದಾರೆ. ಅಂಥ ದಸ್ತಗಿರಿ ಕಾನೂನಿನಲ್ಲಿಲ್ಲ. ಕರೆ ಕಡಿದು 1930ಕ್ಕೆ ತಿಳಿಸಿ. ಹಣ ಹೋಗಿದ್ದರೆ ಅದೇ ಗಳಿಗೆಯಲ್ಲಿ ತಿಳಿಸಿ.